ಹುಣಸೆಯ ನೆರಳನ್ನು ಅಳೆದ ಕಾರ್ಯಾಗಾರ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ವಿಜ್ಞಾನದ ನಿವೃತ್ತ ಶಿಕ್ಷಕ ದಾವಲಸಾಬ ಮಾಸ್ತರರು. ಹೇಳಿದ್ದು ಯುಗಾದಿ ಕಳೆದ ಮೇಲಿನ ಒಂದು ಶನಿವಾರ, ಮುಂಜಾನೆ ಶಾಲೆಯ ಕೊನೆಯ ಗಂಟೆ ಬಾರಿಸಿ ಮಕ್ಕಳೆಲ್ಲ ಮನೆಗೆ ಓಡಿದ ಮೇಲೆ. ಹೇಳಿದ ಸ್ಥಳ, ಕಥೆ ನಡೆದ ಅದೇ ಶಾಲೆಯ ಅಂಗಳದ ಹುಣಸೆ ಮರದ ಅಡಿ. ಕೇಳುಗರಾಗಿ ನಾನಲ್ಲದೆ ಹತ್ತಿರದ ಓಣಿಯ ನಾಲ್ಕಾರು ಮಂದಿ ಇದ್ದರು. ಕಥೆಯಲ್ಲಿ ಮುಖ್ಯವಾಗಿ ಬರುವ ನೀಲಾಂಬಿಕೆ ಅಕ್ಕೋರೂ ಇದ್ದರು. ಆ ಊರಿನಲ್ಲಿ ಶಿಕ್ಷಕಿಯರನ್ನು ಅಕ್ಕೋರು ಎಂದೇ ಕರೆಯುತ್ತಾರೆ. ಇದೇ ಕಥೆಯ ಎರಡು ಪಾಠಾಂತರಗಳನ್ನು ನಾನು ಆಮೇಲೆ ಸಂಗ್ರಹಿಸಿದೆ. ಒಂದರಲ್ಲಿ ಮರ ಬೇವಿನದು. ಇನ್ನೊಂದರಲ್ಲಿ ಕಾರ್ಯಾಗಾರದ ಊಟಕ್ಕೆ ಹೋಳಿಗೆ ಮಾಡಿಸಿದ್ದರೆಂಬ ವಿವರವಿದೆ. ಅದನ್ನು ನೀಲಾಂಬಿಕೆ ಅಕ್ಕೋರು ಖಡಾಖಂಡಿತವಾಗಿ ಅಲ್ಲಗಳೆದಿದ್ದಾರೆ. ಆದ್ದರಿಂದ ಇಲ್ಲಿ ಮಾಸ್ತರರ ಪಾಠವನ್ನೇ ಆಧಾರವಾಗಿ ಇಟ್ಟುಕೊಂಡಿದ್ದೇನೆ.

ಕಥೆ ಆರಂಭಿಸುವ ಮುನ್ನ ಮಾಸ್ತರರು ನನ್ನ ಕೈಗಡಿಯಾರದ ಕಡೆ ಬೆರಳು ತೋರಿಸಿದರು. ನಿರೂಪಣೆಯ ಅವಧಿಯನ್ನು ಗುರುತು ಹಾಕಿಕೊಳ್ಳುವುದು ನಮ್ಮಂಥ ಸಂಗ್ರಹಕಾರರ ರೂಢಿ. “ಅದನ್ನ ಬಿಚ್ಚಿ ಕಿಸೆದಾಗ ಹಾಕ್ರಿ ಸರ,” ಎಂದರು. “ಕತಿಗೆ ಗಡಿಯಾರ ತೋರಸಬಾರದು. ಹ್ವಾದ ವರ್ಷ ನಿಮ್ಮಂಗ ಒಬ್ಬರು ಬಂದಿದ್ರು. ಎಷ್ಟೊತ್ತಾತು, ಎಷ್ಟೊತ್ತಾತು ಅಂತ ನೋಡಕೋತ ಕುಂತರು. ನಾ ಬಾಯಿ ತಗದು ಮುಚ್ಚೂದರಾಗ ಕತಿ ಮುಗದು ಹೋಗಿತ್ತು.” ನಾನು ಗಡಿಯಾರವನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಕೇಳುಗರಿಗೆ ಸಮಾಧಾನವಾಯಿತು. ಒಬ್ಬರು ಕಾಲು ಚಾಚಿ ಕುಳಿತರು.

ಆ ಊರಿನ ಎಲ್ಲೆಯೊಳಗೆ ಅಳತೆಗೆ ಸಿಕ್ಕಿದ್ದು ಅಷ್ಟಿಷ್ಟು ಕಿರಿದಾಗುತ್ತದೆ. ಎಣಿಸಿದರೆ ಏನೂ ಆಗದು; ಅಳೆದರೆ ಆಗುತ್ತದೆ. ಅಲ್ಲಿಯ ದರ್ಜಿ ಗಿರಾಕಿಯನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಕಣ್ಣು ಮುಚ್ಚಿ, ಕತ್ತರಿ ಹಿಡಿಯುತ್ತಾನೆ. ಹಾಲಿನವಳು ಪಾತ್ರೆ ಹಿಡಿದವರು ಸಾಕು ಎನ್ನುವವರೆಗೆ ಸುರಿಯುತ್ತಾಳೆ. ಪಾತ್ರೆಯವರೂ ಲಜ್ಜೆಯುಳ್ಳವರಾದ್ದರಿಂದ ಬೇಗನೆ ಸಾಕು ಎನ್ನುತ್ತಾರೆ. ಮಗು ಎಷ್ಟು ಬೆಳೆದಿದೆ ಎಂದು ಗೋಡೆಗೆ ನಿಲ್ಲಿಸಿ ಗೀರು ಹಾಕುವ ಅತ್ತೆಯನ್ನು ತಾಯಂದಿರು ಬಾಗಿಲಲ್ಲೇ ತಡೆಯುತ್ತಾರೆ. ಹಾಗೆಂದು ಅಳತೆಯೆಂದರೆ ಬರೀ ಅಂಜಿಕೆಯೂ ಅಲ್ಲ. ಮೈ ಸುಡುತ್ತಿದ್ದರೆ ಡಾಕ್ಟರು ಬಗಲಿಗೆ ಜ್ವರದ ಕಡ್ಡಿ ಇಡುತ್ತಾರೆ, ತೆಗೆದು ನೋಡುತ್ತಾರೆ, ಮತ್ತೆ ಇಡುತ್ತಾರೆ. ಸಂಜೆಯೊಳಗೆ ರೋಗಿ ಎದ್ದು ಗಂಜಿ ಕೇಳುತ್ತಾನೆ. ಸಂತೆಗೆ ಹೋಗುವ ದಾರಿ ಹಿಂದೆ ಬಹಳ ದೂರವಿತ್ತಂತೆ. ಹಿರಿಯರು ಅದನ್ನು ಹಗ್ಗ ಹಿಡಿದು ಅಳೆದಳೆದು ಹತ್ತಿರ ಮಾಡಿಕೊಂಡಿದ್ದಾರೆ. ಕಿರಿದಾದದ್ದು ಮಾತ್ರ ತಾನಾಗಿ ಮತ್ತೆ ಹಿರಿದಾಗುವುದಿಲ್ಲ. ಆದ್ದರಿಂದ ಯಾವುದಕ್ಕೆ ಪಟ್ಟಿ ಹಚ್ಚಬೇಕು, ಯಾವುದಕ್ಕೆ ಹಚ್ಚಬಾರದು ಎಂಬ ವಿವೇಕವೇ ಆ ಊರಿನ ದೊಡ್ಡತನ.

ಶಾಲೆಗಳಲ್ಲಿಯೂ ಹಾಗೆಯೇ. ಉದ್ದ, ಅಗಲ, ಸುತ್ತಳತೆಗಳ ಪಾಠವನ್ನು ಪುಸ್ತಕದಲ್ಲಿದ್ದ ಲೆಕ್ಕಗಳಿಂದಲೇ ಕಲಿಸುತ್ತಿದ್ದರು. ಪುಸ್ತಕದಲ್ಲಿದ್ದ ಹೊಲ ಬೇರೆ ಎಲ್ಲಿಯದೋ ಆದ್ದರಿಂದ ಯಾರಿಗೂ ನಷ್ಟವಿರಲಿಲ್ಲ. ಅಳತೆಪಟ್ಟಿ, ತಕ್ಕಡಿಗಳು ಕಪಾಟಿನಲ್ಲಿ ಬಟ್ಟೆ ಸುತ್ತಿಕೊಂಡು ಮಲಗಿದ್ದವು. ಪ್ರತಿ ವರ್ಷ ಶಿಕ್ಷಕರ ಸೃಜನಶೀಲ ಗಣಿತ-ವಿಜ್ಞಾನ ಬೋಧನೆಯ ಕಾರ್ಯಾಗಾರಕ್ಕೆ ಇಲ್ಲಿಯವರು ಬೇರೆ ಊರಿಗೆ ಹೋಗುತ್ತಿದ್ದರು, ಅಲ್ಲಿ ಸಿಕ್ಕಿದ್ದನ್ನೆಲ್ಲ ಹಸಿದವರಂತೆ ಅಳೆದು ಬರುತ್ತಿದ್ದರು. “ಒಂದ್ಸಲ ನಾ ಆ ಊರಿನ ಬಸ್‌ಸ್ಟ್ಯಾಂಡನ್ನs ಅಳದು ಬಂದಿದ್ದೆ,” ಎಂದರು ದಾವಲಸಾಬ ಮಾಸ್ತರರು. “ಹಂಗs ಇತ್ತು ನೋಡ್ರಿ, ಎಷ್ಟು ಅಳದರೂ! ಕಣ್ಣಾಗ ನೀರ ಬಂದವು.” ಆ ವರ್ಷ ಮಾತ್ರ ಕಾರ್ಯಾಗಾರ ತಾನೇ ಇವರ ಊರಿಗೆ ಬಂದಿತು.

ಅದರೊಂದಿಗೆ ಬಂದ ಸಂಪನ್ಮೂಲ ವ್ಯಕ್ತಿಯ ಹೆಸರು ವಾದಿರಾಜ. ದೂರದ ನಗರದವರು, ತೆಳ್ಳಗೆ ಉದ್ದಕ್ಕೆ ಇದ್ದರು. ಮಾತಾಡುವಾಗ ಎರಡೂ ಕೈ ಗಾಳಿಯಲ್ಲಿ ಚಿತ್ರ ಬರೆಯುತ್ತಿದ್ದವು. ಮೊದಲ ದಿನ ಅವರು ಕಾಗದ ಮಡಚಿ ಭಿನ್ನರಾಶಿ ಕಲಿಸಿದರು, ಪೊರಕೆಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬಿನಿಂದ ಘನಾಕೃತಿಗಳನ್ನು ಕಟ್ಟಿಸಿದರು, ಬಲೂನನ್ನು ತಲೆಗೂದಲಿಗೆ ಉಜ್ಜಿ ಗೋಡೆಗೆ ಅಂಟಿಸಿದರು. ದಾವಲಸಾಬ ಮಾಸ್ತರರ ತಲೆಯ ಮೇಲೆ ಕೂದಲಿರಲಿಲ್ಲವಾದ್ದರಿಂದ ಅವರು ಗಡ್ಡಕ್ಕೆ ಉಜ್ಜಿದರಂತೆ. ಬಲೂನು ಗಡ್ಡಕ್ಕೇ ಅಂಟಿಕೊಂಡಿತು. “ಗಡ್ಡಕ್ಕಲ್ಲ, ಕಿವಿಗೆ,” ಎಂದು ನೀಲಾಂಬಿಕೆ ಅಕ್ಕೋರು ಇಲ್ಲಿ ತಿದ್ದಿದರು. ಮಾಸ್ತರರು ಒಪ್ಪಲಿಲ್ಲ. ಎರಡನ್ನೂ ಬರೆದುಕೊಳ್ಳುತ್ತೇನೆಂದು ನಾನು ಹೇಳಿದ ಮೇಲೆ ಕಥೆ ಮುಂದುವರಿಯಿತು.

ನೀಲಾಂಬಿಕೆ ಅಕ್ಕೋರ ಸ್ಥಿತಿಯನ್ನು ಇಲ್ಲಿಯೇ ಹೇಳಬೇಕು. ಶಾಲೆಯ ಕೋಣೆಗಳಲ್ಲಿ ಮೇಲಿನ ತರಗತಿಗಳು ತುಂಬಿದ್ದವು. ಅವರ ಎರಡನೆಯ ತರಗತಿಗೆ ಕೋಣೆಯೇ ಇರಲಿಲ್ಲ. ಹುಣಸೆ ಮರದ ನೆರಳೇ ಕೋಣೆ. ಮರ ವಿಶಾಲವಾಗಿತ್ತು, ನೆರಳು ದಟ್ಟವಾಗಿತ್ತು. ನೆರಳು ಹೊತ್ತಿನೊಂದಿಗೆ ಸರಿದಂತೆ ತರಗತಿಯೂ ಮರವನ್ನು ಸುತ್ತುತ್ತಿತ್ತು: ಪ್ರಾರ್ಥನೆಯ ಹೊತ್ತಿಗೆ ಪಡುವಣಕ್ಕೆ, ಮನೆಗೆ ಹೋಗುವ ಹೊತ್ತಿಗೆ ಮೂಡಣಕ್ಕೆ. ಸೂರ್ಯ ಚಲಿಸುವ ಪಾಠವನ್ನು ಆ ಮಕ್ಕಳಿಗೆ ಬೇರೆಯಾಗಿ ಹೇಳಿಕೊಡುವ ಅಗತ್ಯವೇ ಬೀಳುತ್ತಿರಲಿಲ್ಲ.

ಎರಡನೆಯ ದಿನ ವಾದಿರಾಜರು ತಮ್ಮ ಚೀಲದಿಂದ ಅಳತೆಯ ಟೇಪುಗಳನ್ನು ತೆಗೆದು ಮೇಜಿನ ಮೇಲೆ ಇಟ್ಟರು. ಶಿಕ್ಷಕರೆಲ್ಲ ಕುರ್ಚಿಯನ್ನು ತುಸು ಹಿಂದಕ್ಕೆ ಎಳೆದುಕೊಂಡರು. “ಇವತ್ತು ಅಳತೆ,” ಎಂದರು ವಾದಿರಾಜರು. “ಕಪ್ಪುಹಲಗೆ ಮುಂದೆ ಕೂತದ್ದು ಸಾಕು. ಹೊರಗೆ ಹೋಗೋಣ. ಅಂಗಳದ ಹುಣಸೆ ಮರ ಎಷ್ಟು ಎತ್ತರ ಇದೆ, ಯಾರು ಹೇಳ್ತೀರಾ?”

“ಭಾಳ ಎತ್ತರ ಐತ್ರಿ,” ಎಂದರು ದಾವಲಸಾಬ ಮಾಸ್ತರರು.

“ಭಾಳ ಅಂದ್ರೆ ಎಷ್ಟು?”

“ಸಾಕಷ್ಟು ಐತ್ರಿ. ಅದಕ್ಕೂ ಸಾಕಾಗೇತಿ, ನಮಗೂ ಸಾಕಾಗೇತಿ.”

ವಾದಿರಾಜರು ನಕ್ಕರು. ಊರಿನ ಗುಟ್ಟನ್ನು ಹೊರಗಿನವರಿಗೆ ಹೇಳುವ ವಾಡಿಕೆಯಿರಲಿಲ್ಲ. ಹೇಳಿದವರನ್ನು ಹಿಂದೆ ಯಾರೂ ನಂಬಿರಲಿಲ್ಲ. ಶಿಕ್ಷಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ನೀಲಾಂಬಿಕೆ ಅಕ್ಕೋರು ಎದ್ದು ನಿಂತು, “ಸರ, ಗಿಡಕ್ಕ ಟೇಪು ಹಚ್ಚತೀರೇನ್ರಿ?” ಎಂದು ಕೇಳಿದರು.

“ಮರ ಹತ್ತೋದೇ ಬೇಡ ಮೇಡಂ, ಅದೇ ಇದರ ಸ್ವಾರಸ್ಯ! ಮರವನ್ನ ಮುಟ್ಟೋದೂ ಇಲ್ಲ. ಅದರ ನೆರಳನ್ನ ಅಳೀತೀವಿ. ಪಕ್ಕದಲ್ಲಿ ಒಂದು ಕೋಲು ನೆಟ್ಟು ಅದರ ನೆರಳನ್ನೂ ಅಳೀತೀವಿ. ಕೋಲು ಎಷ್ಟು ಉದ್ದ ಅಂತ ನಮಗೆ ಗೊತ್ತು. ಕೋಲಿಗೆ ಅದರ ನೆರಳು ಹೇಗೋ ಮರಕ್ಕೆ ಅದರ ನೆರಳು ಹಾಗೆ. ಮುಗೀತು!”

ಅಕ್ಕೋರ ಎದೆಯ ಭಾರ ಇಳಿಯಿತು. ಮರ ಉಳಿಯಿತಲ್ಲ! ನೆರಳೆಂದರೆ ಏನು, ಬಿಸಿಲಿಲ್ಲದ ಜಾಗ. ಇಲ್ಲದಿರುವುದನ್ನು ಅಳೆದರೆ ಕಿರಿದಾಗುವುದಾದರೂ ಏನು ಎಂದು ಎಲ್ಲರಿಗೂ ತೋರಿತು. ಅಷ್ಟು ದಿನ ಊರಿನ ಯಾರೂ ನೆರಳನ್ನು ಅಳೆದು ನೋಡಿರಲಿಲ್ಲ. ಹಲವು ವರ್ಷ ಕೈ ಕಟ್ಟಿಕೊಂಡು ಕುಳಿತಿದ್ದ ಆ ಮೇಷ್ಟರುಗಳಿಗೆ ತಮ್ಮದೇ ಊರಿನಲ್ಲಿ ಟೇಪು ಬಿಚ್ಚುವ ಅವಕಾಶ ಸಿಕ್ಕಿತು. ನಾ ಮೊದಲು, ತಾ ಮೊದಲು ಎಂದು ಮುನ್ನುಗ್ಗಿದರು. ಟೇಪಿನ ಒಂದು ತುದಿಯನ್ನು ಮರದ ಬುಡದಲ್ಲಿ ಒತ್ತಿ ಹಿಡಿದವರು ಸ್ವತಃ ನೀಲಾಂಬಿಕೆ ಅಕ್ಕೋರು.

ಮೊದಲ ಗುಂಪು ಅಳೆಯಿತು. ಎರಡನೆಯ ಗುಂಪು ಅಳೆದಾಗ ಒಂದು ಮಾರು ಕಡಿಮೆ ಬಂತು. “ಸಹಜ,” ಎಂದರು ವಾದಿರಾಜರು, “ಸೂರ್ಯ ಮೇಲೇರ್ತಾ ಇದ್ದಾನೆ, ನೆರಳು ಗಿಡ್ಡ ಆಗ್ತಾ ಇದೆ. ಇದೇ ನೋಡಿ ಗಮನಿಸಬೇಕಾದ್ದು!” ಮೂರನೆಯ ಗುಂಪಿಗೆ ಇನ್ನೂ ಕಡಿಮೆ ಬಂತು. ವಾದಿರಾಜರು ಅದನ್ನೂ ಸೂರ್ಯನ ಲೆಕ್ಕಕ್ಕೆ ಹಾಕಿದರು. ಆದರೆ ಊಟ ಮುಗಿಸಿ ಬಂದಾಗ ಸೂರ್ಯ ಪಡುವಣಕ್ಕೆ ವಾಲಿದ್ದ. ನೆರಳು ಉದ್ದವಾಗಬೇಕಾದ ಹೊತ್ತು. ಅಳೆದರೆ ಮತ್ತೂ ಕಡಿಮೆ. ವಾದಿರಾಜರು ಟೇಪನ್ನು ಬದಲಿಸಿದರು. ಮೇಷ್ಟರುಗಳನ್ನು ಬದಲಿಸಿದರು. ಕಡೆಗೆ “ನೀವು ಸಡಿಲ ಹಿಡೀತಿದ್ದೀರಿ” ಎಂದು ಗದರಿ ತಾವೇ ಮಂಡಿಯೂರಿ ಅಳೆದರು. ಸರಾಸರಿ ತೆಗೆಯಬೇಕೆಂದು ಮತ್ತೆ ಅಳೆದರು. ಸರಾಸರಿಯೂ ಸರಿ ಕಾಣದೆ ಮತ್ತೂ ಅಳೆದರು. ವಿಜ್ಞಾನಿಯೆಂದರೆ ಮರಳಿ ಮರಳಿ ಪರೀಕ್ಷಿಸುವವನು ಎಂದು ಬೆಳಿಗ್ಗೆ ಅವರೇ ಹೇಳಿದ್ದರು.

ಸಂಜೆಯ ಹೊತ್ತಿಗೆ ಕೋಲಿನ ನೆರಳು ಪೂರ್ತಿ ಮುಗಿದುಹೋಗಿತ್ತು. ನೆರಳಿಲ್ಲದ ಆ ಕೋಲು ಇಂದಿಗೂ ಶಾಲೆಯ ಕಪಾಟಿನಲ್ಲಿದೆ; ನಾನು ಬಿಸಿಲಿಗೆ ಹಿಡಿದು ನೋಡಿದ್ದೇನೆ. ಹುಣಸೆ ಮರ ಮಾತ್ರ ಮೊದಲಿನಷ್ಟೇ ದೊಡ್ಡದಾಗಿ, ತನ್ನ ಕೊಂಬೆ ರೆಂಬೆಗಳನ್ನೆಲ್ಲ ಹರಡಿಕೊಂಡು ನಿಂತಿತ್ತು. ಅದರ ಅಡಿಯಲ್ಲಿದ್ದ ನೆರಳು ಒಬ್ಬರು ಕೂರುವ ಚಾಪೆಯಷ್ಟು. ಎಲೆಗಳ ಸಂದಿಯಿಂದಲ್ಲ, ಎಲೆಗಳೇ ಇಲ್ಲವೇನೋ ಎಂಬಂತೆ ಬಿಸಿಲು ನೇರ ನೆಲಕ್ಕೆ ಬಡಿಯುತ್ತಿತ್ತು.

ಮುಖ್ಯೋಪಾಧ್ಯಾಯರು ಹೊರಗೆ ಬಂದು ನೋಡಿದರು. ಅವರು ಕೆಟ್ಟವರಲ್ಲ, ಆದರೆ ಬೇಗ ನಿರ್ಧಾರಕ್ಕೆ ಬರುವವರು. “ಅಕ್ಕೋರ,” ಎಂದರು, “ಬ್ಯಾಸಗಿ ಬಂತು. ಮಕ್ಕಳನ್ನ ಬಿಸಲಾಗ ಕುಂದ್ರಸಾಕ ಆಗೂದಿಲ್ಲ. ಸೋಮವಾರದಿಂದ ನಿಮ್ಮ ಎರಡನೇತ್ತೆ ಮಕ್ಕಳನ್ನ ಹೊಳಿ ಆಚಿ ಸಾಲಿಗೆ ಹಾಕತೀನಿ. ನೀವು ಆಫೀಸಿನ್ಯಾಗ ಕುಂದರ್ರಿ.”

“ಹೊಳಿ ದಾಟಿ ಆ ಸಣ್ಣ ಕೂಸುಗಳು ಹ್ಯಾಂಗ ಹೋಗತಾವ್ರಿ? ಅರ್ಧಾ ಮಂದಿ ಸಾಲಿನs ಬಿಡತಾರ.”

“ಮತ್ತೇನ ಮಾಡೂಣು? ನೆಳ್ಳು ಎಲ್ಲಿಂದ ತರೂಣು?”

ಈ ಮಾತು ಹೇಳುವಾಗ ದಾವಲಸಾಬ ಮಾಸ್ತರರು ಅಕ್ಕೋರ ಕಡೆ ನೋಡಿದರು. ನೀಲಾಂಬಿಕೆ ಅಕ್ಕೋರು ನೆಲದ ಮೇಲೆ ಬಿದ್ದ ಹುಣಸೆ ಎಲೆಯನ್ನು ಬಿಡಿಸುತ್ತಾ ಕುಳಿತಿದ್ದರು. “ಆ ದಿನ ಅಕ್ಕೋರು ಮನಿಗೆ ಹೋಗಲಿಲ್ಲ ನೋಡ್ರಿ,” ಎಂದರು ಮಾಸ್ತರರು, “ಕತ್ತಲಾಗೂತನಕಾ ಆ ಚಾಪಿಯಷ್ಟು ನೆಳ್ಳಿನ್ಯಾಗ ಕುಂತಬಿಟ್ಟರು. ಯಾರರ ಬಂದು ಅದನ್ನೂ ಅಳದು ಹೋದಾರು ಅಂತ.”

ಮೂರನೆಯ ದಿನ, ಅಂದರೆ ಕಾರ್ಯಾಗಾರದ ಕಡೆಯ ದಿನ, ವಾದಿರಾಜರಿಗೆ ಎಲ್ಲವನ್ನೂ ಹೇಳದೆ ಗತಿಯಿರಲಿಲ್ಲ. ಹೇಳಿದವರು ಅಕ್ಕೋರೇ. ವಾದಿರಾಜರು ಮೊದಲು ನಗಲು ಬಾಯಿ ತೆರೆದರು, ತೆರೆದ ಬಾಯಿ ಹಾಗೇ ಉಳಿಯಿತು. ನಿನ್ನೆಯ ಅಳತೆಗಳೆಲ್ಲ ಒಂದಾದ ಮೇಲೊಂದು ಅವರ ಕಣ್ಣೆದುರು ಸಾಲಾಗಿ ನಿಂತಿರಬೇಕು. ಅವರು ಎದ್ದು ಹೊರಗೆ ಹೋಗಿ, ಮರವನ್ನೊಮ್ಮೆ, ನೆರಳನ್ನೊಮ್ಮೆ ನೋಡಿ ಬಂದರು.

“ನಾನು ಊರೂರಿಗೆ ಹೋಗಿ ಹೇಳ್ತೀನಿ, ಕಣ್ಣಿಗೆ ಕಂಡದ್ದನ್ನ ನಂಬಿ ಅಂತ,” ಎಂದರು. “ಈಗ ನಾನೇ ನಂಬಬೇಕಾಗಿ ಬಂತು.”

“ನಂಬಿದ್ರ ಸಾಲೂದಿಲ್ಲ ಸರ,” ಎಂದರು ಅಕ್ಕೋರು. “ಇವತ್ತು ಸಂಜಿಗೆ ನೀವು ಬಸ್ ಹತ್ತತೀರಿ. ಸೋಮವಾರ ನನ್ನ ಮಕ್ಕಳು ಹೊಳಿ ದಾಟತಾವ. ಅದರಾಗ ಸೃಜನಶೀಲ ಏನರ ಇದ್ರ ಮಾಡಿ ತೋರಸರಿ.”

ವಾದಿರಾಜರು ಅಂಗಿಯ ತೋಳು ಮಡಚಿದರು. ಅಂದು ಬೆಳಿಗ್ಗೆ ನಡೆಯಬೇಕಿದ್ದ ಕಾಂತ ಮತ್ತು ಶಬ್ದದ ಗೋಷ್ಠಿಗಳನ್ನು ರದ್ದುಮಾಡಿ, ನೆರಳನ್ನು ಮರಳಿ ಪಡೆಯುವುದನ್ನೇ ಕಾರ್ಯಾಗಾರದ ವಿಷಯವಾಗಿ ಘೋಷಿಸಿದರು. ಶಿಕ್ಷಕರಿಂದ ಸಲಹೆಗಳು ಬಂದವು. ಟೇಪನ್ನು ತಿರುಗಿಸಿ ಹಿಡಿದು, ಕಡೆಯ ಅಂಕಿಯಿಂದ ಮೊದಲ ಅಂಕಿಗೆ ಅಳೆದರೆ ನೆರಳು ಬೆಳೆಯಬಹುದೆಂದು ಒಬ್ಬರು ಹೇಳಿದರು. ಹಾಗೆ ಅಳೆದರು, ನೆರಳು ಒಂದು ಗೇಣು ಕಡಿಮೆಯಾಯಿತು. ಬೆನ್ನು ಮಾಡಿ ನಿಂತು ಕೈ ಹಿಂದೆ ಚಾಚಿ ಅಳೆದರೆ ಹೇಗೆ ಎಂದು ಇನ್ನೊಬ್ಬರು ಕೇಳಿದರು. ನೆರಳಿಗೆ ಬೆನ್ನು ಮುಖಗಳ ಭೇದ ತಿಳಿಯಲಿಲ್ಲ. ಮತ್ತೊಂದು ಗೇಣು ಹೋಯಿತು. ಅಳೆದು, ಬಂದ ಉತ್ತರವನ್ನು ಗಟ್ಟಿಯಾಗಿ ಎರಡರಷ್ಟು ಮಾಡಿ ಹೇಳಬೇಕೆಂದು ದಾವಲಸಾಬ ಮಾಸ್ತರರು ಸೂಚಿಸಿದರು. “ನೆಳ್ಳಿಗೆ ಕಿವಿ ಇಲ್ಲ ಅನ್ನೂದು ಆಗ ಗೊತ್ತಾತು,” ಎಂದರು ಅವರು, ನಮ್ಮೆದುರು ಗಡ್ಡ ಸವರಿಕೊಳ್ಳುತ್ತಾ. ಊಟದ ಹೊತ್ತಿಗೆ ಚಾಪೆಯಷ್ಟಿದ್ದ ನೆರಳು ಮಣೆಯಷ್ಟಾಗಿತ್ತು. ಅಕ್ಕೋರು ಟೇಪುಗಳನ್ನೆಲ್ಲ ಕಿತ್ತುಕೊಂಡು ಸೆರಗಿನಲ್ಲಿ ಕಟ್ಟಿಕೊಂಡರು.

ಊಟಕ್ಕೆ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಎಲ್ಲರೂ ಶಾಲೆಯ ಪಡಸಾಲೆಯಲ್ಲಿ ಸಾಲಾಗಿ ಕುಳಿತರು. ತಟ್ಟೆಗೆ ತಟ್ಟೆಯಷ್ಟೇ ಅಗಲದ ರೊಟ್ಟಿ ಬಿತ್ತು. ಅಕ್ಕೋರಿಗೆ ಹಸಿವಿರಲಿಲ್ಲ, ರೊಟ್ಟಿಯ ಅಂಚನ್ನು ಮುರಿಯುತ್ತಾ, ಮುರಿದದ್ದನ್ನು ನೋಡುತ್ತಾ ಇದ್ದರು. ಎದುರಿಗೆ ಕುಳಿತ ವಾದಿರಾಜರು ಊಟ ಬಿಟ್ಟು ನೆಲದ ಮೇಲೆ ಬೆರಳಿನಿಂದ ಏನೋ ಸಮೀಕರಣ ಬರೆಯುತ್ತಿದ್ದರು.

“ಉಣ್ಣರಿ ಅಕ್ಕೋರ,” ಎಂದರು ಪಕ್ಕದಲ್ಲಿದ್ದ ದಾವಲಸಾಬ ಮಾಸ್ತರರು, “ತಾಟು ಕಾಣೂದs ಇಲ್ಲ, ಬರೇ ರೊಟ್ಟಿ ಕಾಣತೈತಿ.”

ಅಕ್ಕೋರು ಇನ್ನೊಂದು ತುತ್ತು ಮುರಿದರು. ಅಷ್ಟು ತಟ್ಟೆ ಕಂಡಿತು. ಮತ್ತೊಂದು ತುತ್ತು ಮುರಿದರು. ಇನ್ನಷ್ಟು ತಟ್ಟೆ ಕಂಡಿತು. ಅವರು ತಟ್ಟೆಯಿಂದ ತಲೆಯೆತ್ತಿ ಅಂಗಳದ ಕಡೆ ನೋಡಿದರು. ಅನಂತರ ಉಳಿದ ರೊಟ್ಟಿಯನ್ನು ಎತ್ತಿ ಮಾಸ್ತರರ ತಟ್ಟೆಗೆ ಹಾಕಿ ಎದ್ದು ನಿಂತರು.

“ಸರ,” ಎಂದರು ವಾದಿರಾಜರಿಗೆ, “ನಾವು ತಾಟು ದೊಡ್ಡದು ಮಾಡಾಕ ಹೊಂಟೀವಿ. ತಾಟು ದೊಡ್ಡದಾಗೂದಿಲ್ಲ. ರೊಟ್ಟಿ ಸಣ್ಣದಾಗಬೇಕು.”

“ಅಂದ್ರೆ?”

“ನೆಳ್ಳು ಬೆಳಸೂದು ಆಗೂದಿಲ್ಲ. ಬಿಸಲು ಸಣ್ಣದು ಮಾಡೂದು ಆಗತೈತಿ. ಬಿಸಲು ಅಳಿಯೂಣು ಬರ್ರಿ!”

ವಾದಿರಾಜರು ಕೈ ತೊಳೆಯುವುದನ್ನೂ ಮರೆತರು. “ಪೂರ್ಣದಲ್ಲಿ ಭಾಗ ಕಳೆದರೆ ಉಳಿದದ್ದು! ಎರಡನೇ ಕ್ಲಾಸಿನ ಲೆಕ್ಕ!” ಎಂದು ಕೂಗುತ್ತಾ ಅಂಗಳಕ್ಕೆ ಓಡಿದರು. ಅವರ ಹಿಂದೆ ಅಕ್ಕೋರು, ಅಕ್ಕೋರ ಹಿಂದೆ ಎಣ್ಣೆಗಾಯಿಯ ಕೈಯಲ್ಲೇ ಉಳಿದವರು. ನೆರಳಿನ ಅಂಚಿನಲ್ಲಿ ಟೇಪಿನ ತುದಿಯನ್ನಿಟ್ಟು, ಬಿಸಿಲಿನ ಮೇಲೆ ಎಳೆದು, ಅಂಗಳದ ಗೋಡೆಯವರೆಗೆ ಅಳೆದರು. ಎಲ್ಲರೂ ನೋಡುತ್ತಿದ್ದಂತೆ ನೆರಳು ಒಂದು ಮಾರು ಮುಂದೆ ಬಂತು. ಬೆಕ್ಕು ಹಾಲಿನ ಪಾತ್ರೆಯ ಕಡೆ ಬರುವ ಹಾಗೆ, ಯಾರೂ ನೋಡುತ್ತಿಲ್ಲವೆಂಬಂತೆ ಬಂತು. ಮತ್ತೆ ಅಳೆದರು. ಮತ್ತೆ ಬಂತು. ಮೇಷ್ಟರುಗಳು ಕುಣಿದರು. ಈ ದಿಕ್ಕಿನ ಬಿಸಿಲು, ಆ ದಿಕ್ಕಿನ ಬಿಸಿಲು, ಮೂಲೆಯ ಬಿಸಿಲು ಎಂದು ಗುಂಪು ಗುಂಪಾಗಿ ಅಳೆಯತೊಡಗಿದರು. ಮುಖ್ಯೋಪಾಧ್ಯಾಯರು ತಾವೂ ಒಂದು ತುದಿ ಹಿಡಿದರು. ಬಹಳ ಹೊತ್ತಾಗುವ ಮೊದಲೇ ಎರಡನೆಯ ತರಗತಿಗೆ ಬೇಕಾದಷ್ಟು ನೆರಳು ಮರದ ಅಡಿ ಹರಡಿತು.

ಕಥೆ ಇಲ್ಲಿಗೆ ನಿಲ್ಲಬಹುದಿತ್ತು. ಆದರೆ ವಾದಿರಾಜರು ನಿಖರತೆಯ ಮನುಷ್ಯ. “ಒಂದು ತಪ್ಪಾಗಿದೆ,” ಎಂದರು. “ನಾವು ಗೋಡೆವರೆಗೆ ಅಳೆದ್ವಿ. ಆದ್ರೆ ಬಿಸಿಲು ಗೋಡೆಗೆ ಮುಗಿಯೋದಿಲ್ಲ. ಗೋಡೆ ಆಚೆಗೂ ಇದೆ. ಬಿಸಿಲು ಮುಗಿಯೋವರೆಗೆ ಅಳೆದ್ರೆ ತಾನೇ ಸರಿಯಾದ ಅಳತೆ?” ಇಷ್ಟು ಹೇಳಿ ಅವರು ಮೋಟುಗೋಡೆ ಹಾರಿದರು. ಟೇಪಿನ ಈಚಿನ ತುದಿ ಹಿಡಿದಿದ್ದ ದಾವಲಸಾಬ ಮಾಸ್ತರರಿಗೆ ಅದು ಸರಿಯೆಂದೇ ತೋರಿತು.

ಗೋಡೆಯ ಆಚೆಗಿದ್ದದ್ದು ಬಸಲಿಂಗವ್ವನ ಹಿತ್ತಿಲು. ಬಸಲಿಂಗವ್ವ ಓಣಿಗೆಲ್ಲ ಶಾವಿಗೆ ಮಾಡಿಕೊಡುವವಳು. ಹಿತ್ತಿಲಿನ ತುಂಬ ಹಗ್ಗ ಹೆಣೆದ ಹೊರಸುಗಳನ್ನು ಹಾಕಿ, ಆ ಮಂಚಗಳ ಮೇಲೆ ಬಿಳಿಯ ಪಂಚೆ ಹಾಸಿ, ಎಳೆ ಎಳೆಯಾಗಿ ಹಸಿ ಶಾವಿಗೆಯನ್ನು ಒಣಗಲು ಬಿಟ್ಟಿದ್ದಳು. ಬಿಸಿಲು ಮುಗಿಯುತ್ತಿದ್ದದ್ದು ಅವಳ ಮನೆಯ ಹೊಸ್ತಿಲಿನಲ್ಲಿ. ಗೋಡೆ ಹಾರಿ ಬಂದ ಅಪರಿಚಿತ ಉದ್ದ ಮನುಷ್ಯನೊಬ್ಬ ಹೊರಸುಗಳ ನಡುವೆ ಬಗ್ಗಿಕೊಂಡು ಬಂದು ತನ್ನ ಹೊಸ್ತಿಲಿಗೆ ಟೇಪಿನ ತುದಿ ಒತ್ತಿದ್ದನ್ನು ಅವಳು ಒಳಗಿನಿಂದ ನೋಡಿದಳು. ಅವಳು ಬಾಯಿ ತೆರೆಯುವಷ್ಟರಲ್ಲಿ ಹುಣಸೆಯ ನೆರಳು ಗೋಡೆ ಹತ್ತಿ, ಇಳಿದು, ಮೊದಲ ಹೊರಸಿನ ಮೇಲೆ ಮೈ ಚೆಲ್ಲಿತು.

“ಏ! ಯಾವನೋ ನೀನು! ನನ್ನ ಬಿಸಲು ಕದ್ದ್ಯಲ್ಲೋ!”

“ಇಲ್ಲ ತಾಯಿ, ಅಳೀತಾ ಇದ್ದೆ...”

“ಅಳಿಯೂದಂದ್ರ ಕದಿಯೂದs ಅಲ್ಲೇನು! ನೀಲಾಂಬಿಕಾ! ಏ ಅಕ್ಕೋರ! ಏನs ಇದು, ನಿಮ್ಮ ಸಾಲಿ ಮಂದಿ ಹಗಲಹೊತ್ನ್ಯಾಗ ಗ್ವಾಡಿ ಹಾರಿ ಬರತಾರ?”

ಅಕ್ಕೋರು ಗೋಡೆಯ ಬಳಿಗೆ ಓಡಿಬಂದರು. “ತಪ್ಪಾತು ಎವ್ವಾ. ಸಣ್ಣ ಕೂಸುಗಳು ಕುಂದ್ರಾಕ ನೆಳ್ಳು ಇರಲಿಲ್ಲ, ಅದಕ್ಕ...”

“ಕೂಸುಗಳು ಕುಂದ್ರಾಕ ನೆಳ್ಳು ಬೇಕು, ಖರೆ. ನನ್ನ ಶಾವಗಿ ಕುಂದ್ರಾಕ ಬಿಸಲು ಬ್ಯಾಡೇನು? ನಾಡದು ಮೂರು ಲಗ್ನದ ಮನಿಗೆ ಕೊಡಬೇಕು. ಒಣಗದs ಬೂಸರ ಬಂದ್ರ ನಿಮ್ಮ ಸರ ತಿಂತಾರೇನು?”

“ತಿಂತೀನಿ,” ಎಂದರು ವಾದಿರಾಜರು ಸೌಜನ್ಯದಿಂದ. ಅದು ಹೇಳಬೇಕಾದ ಮಾತಾಗಿರಲಿಲ್ಲ. ಬಸಲಿಂಗವ್ವ ಅವರ ಕೈಯಿಂದ ಟೇಪನ್ನು ಕಸಿದುಕೊಂಡಳು. ಗೋಡೆ ದಾಟಿ ಅಂಗಳಕ್ಕೆ ಬಂದು, ಹುಣಸೆ ಮರದ ಬುಡಕ್ಕೆ ಹೋಗಿ, ಎಲ್ಲರೂ ನೋಡುತ್ತಿದ್ದಂತೆ ನೆರಳನ್ನು ಅಲ್ಲಿಂದ ಗೋಡೆಯ ಆಚೆಯವರೆಗೂ ಅಳೆದಳು. ನೆರಳು ಹೊರಸಿನ ಮೇಲಿನಿಂದ ಇಳಿದು ಗೋಡೆಯ ಈಚೆಗೆ ಬಂತು. ಅವಳು ಮತ್ತೊಮ್ಮೆ ಅಳೆಯಲು ಬಗ್ಗಿದಾಗ ಅಕ್ಕೋರು ಅವಳ ಕೈ ಹಿಡಿದರು.

“ಸಾಕು ಎವ್ವಾ. ಇನ್ನೊಂದ್ಸಲ ಅಳದ್ರ ನನ್ನ ಮಕ್ಕಳು ಹೊಳಿ ದಾಟತಾವ. ನಿನ್ನ ಮೊಮ್ಮಗಳೂ ಅದರಾಗs ಅದಾಳ.”

ಬಸಲಿಂಗವ್ವ ಬಗ್ಗಿದಲ್ಲೇ ತಲೆಯೆತ್ತಿದಳು. ಅವಳಿಗೆ ಎರಡನೆಯ ತರಗತಿಯ ವಿಷಯ ಹೊಳೆದದ್ದು ಆಗಲೇ. ಇಬ್ಬರೂ ಟೇಪಿನ ಎರಡು ತುದಿ ಹಿಡಿದುಕೊಂಡು, ಕೇಳುತ್ತಿದ್ದವರಿಗೆ ಜಗಳವೋ ಒಪ್ಪಂದವೋ ತಿಳಿಯದ ದನಿಯಲ್ಲಿ ಬಹಳ ಹೊತ್ತು ಮಾತಾಡಿದರು. ಕಡೆಗೆ ತೀರ್ಮಾನವಾದದ್ದು ಹೀಗೆ: ಶಾಲೆ ನಡೆಯುವಾಗ ನೆರಳು ಮಕ್ಕಳದು, ಶನಿವಾರದ ಗಂಟೆ ಬಾರಿಸಿದ ಮೇಲೆ ಬಿಸಿಲು ಬಸಲಿಂಗವ್ವನದು. ಶನಿವಾರ ಅವಳು ನೆರಳನ್ನು ಅಳೆದು ಗೋಡೆಯಿಂದ ದೂರ ಸರಿಸಿಕೊಳ್ಳಬೇಕು. ಸೋಮವಾರ ಬೆಳಿಗ್ಗೆ ಅಕ್ಕೋರು ಬಿಸಿಲನ್ನು ಅಳೆದು ನೆರಳನ್ನು ಕರೆತರಬೇಕು. ಟೇಪು ಒಂದೇ ಇರಬೇಕು; ಇಬ್ಬರ ಕೈಯಲ್ಲೂ ಒಂದೊಂದಿದ್ದರೆ ಒಪ್ಪಂದ ಉಳಿಯುವುದಿಲ್ಲ. ಉಳಿದ ಟೇಪುಗಳನ್ನೆಲ್ಲ ವಾದಿರಾಜರ ಚೀಲಕ್ಕೆ ತುಂಬಿ, ಜೊತೆಗೆ ಹಿಂದಿನ ವಾರದ ಒಣಗಿದ ಶಾವಿಗೆಯ ಒಂದು ಪೊಟ್ಟಣವನ್ನೂ ಇಟ್ಟು, ಸಂಜೆ ಬಸ್ಸು ಹತ್ತಿಸಿದರು. ಕಿಟಕಿಯಿಂದ ಕೈ ಬೀಸುತ್ತಾ ಅವರು, “ಮುಂದಿನ ವರ್ಷ ತೂಕದ ಪಾಠ ಇಟ್ಕೊಳ್ಳೋಣ!” ಎಂದರಂತೆ. ಊರಿನ ದಪ್ಪ ಜನರೆಲ್ಲ ಆ ಮಾತನ್ನು ಬಹಳ ಆಸಕ್ತಿಯಿಂದ ಕೇಳಿಸಿಕೊಂಡರು.

“ಹಾಗಾದರೆ ಮಕ್ಕಳು ಯಾರೂ ಹೊಳೆ ದಾಟಬೇಕಾಗಲಿಲ್ಲವೇ?” ಎಂದು ನಾನು ಕೇಳಿದೆ.

“ಒಂದೂ ದಾಟಲಿಲ್ಲ,” ಎಂದರು ನೀಲಾಂಬಿಕೆ ಅಕ್ಕೋರು. “ಅವತ್ತಿನ ಮಕ್ಕಳ ಮಕ್ಕಳು ಈಗ ಇಲ್ಲೇ ಕುಂದರತಾವ. ನಂದೂ ನಿವೃತ್ತಿ ಹತ್ತರ ಬಂತು. ಯಾರೂ ಎಷ್ಟು ವರ್ಷ ಉಳದಾವು ಅಂತ ಅಳದು ನೋಡಬ್ಯಾಡ್ರಿ ಮತ್ತ, ಇನ್ನೂ ಹತ್ತರ ಆದೀತು.”

ಎಲ್ಲರೂ ನಕ್ಕರು. ನಾನು ಇನ್ನೊಂದು ಪ್ರಶ್ನೆ ಕೇಳಬೇಕೆಂದಿದ್ದೆ, ಬಲೂನು ಗಡ್ಡಕ್ಕೆ ಅಂಟಿತೋ ಕಿವಿಗೋ ಎಂಬುದನ್ನು ಇತ್ಯರ್ಥ ಮಾಡಿಕೊಳ್ಳಬೇಕೆಂದಿದ್ದೆ. ಅಷ್ಟರಲ್ಲಿ ಮೋಟುಗೋಡೆಯ ಮೇಲೆ ಬೆಳ್ಳಗೆ ನೆರೆತ ತಲೆಯೊಂದು ಕಾಣಿಸಿತು.

“ಅಕ್ಕೋರ! ಗಂಟಿ ಹೊಡದು ಎಷ್ಟೊತ್ತಾತು? ಶನಿವಾರ ಅಲ್ಲೇನು? ಕತಿ ಹೇಳಕೋತ ನನ್ನ ಬಿಸಲಿನ್ಯಾಗ ನೆಳ್ಳು ಹಾಸಕೊಂಡು ಕುಂತೀರಲ್ಲ, ಎದ್ದೇಳ್ರಿ!”

“ನಿಂದs ಕತಿ ನಡದೈತಿ ಎವ್ವಾ,” ಎಂದರು ದಾವಲಸಾಬ ಮಾಸ್ತರರು.

“ಕತಿ ತಗೊಂಡು ಶಾವಗಿ ಒಣಗಸಲೇನು? ತಾ ಟೇಪು.”

ನೀಲಾಂಬಿಕೆ ಅಕ್ಕೋರು ನಗುತ್ತಾ ಸೆರಗಿನ ಗಂಟು ಬಿಚ್ಚಿ ಟೇಪನ್ನು ಕೊಟ್ಟರು. “ಸೋಮವಾರ ಮುಂಜಾನೆ ತಂದು ಕೊಡಬೇಕು ಮತ್ತ,” ಎಂದರು. ಬಸಲಿಂಗವ್ವ ಗೋಡೆ ದಾಟಿ ಬಂದು, ಮರದ ಬುಡದಲ್ಲಿ ಟೇಪಿನ ತುದಿಯನ್ನು ಒತ್ತಿ ಹಿಡಿಯಲು ನನಗೇ ಹೇಳಿದಳು. ನಾನು ಹಿಡಿದೆ. ಅವಳು ನಮ್ಮೆಲ್ಲರ ನಡುವೆ, ಕಾಲುಗಳ ಮೇಲಿಂದ, ಗೋಡೆಯವರೆಗೂ ಅಳೆದುಕೊಂಡು ಹೋದಳು. ಹೊರಗಿನ ಸಾಲಿನಲ್ಲಿ ಕುಳಿತವರ ಮೇಲೆ ಮೊದಲು ಬಿಸಿಲು ಬಿತ್ತು; ಅವರು ಚಪ್ಪಲಿ ಹುಡುಕಿಕೊಂಡು ಎದ್ದರು. ಅವಳು ಮತ್ತೊಮ್ಮೆ ಅಳೆದಳು. ಬಿಸಿಲು ದಾವಲಸಾಬ ಮಾಸ್ತರರ ಬೋಳುತಲೆಗೆ ತಾಗಿತು. ಅವರು ಟೊಪ್ಪಿಗೆ ಹಾಕಿಕೊಂಡು, ಅಕ್ಕೋರಿಗೆ ಕೈ ಮುಗಿದು ಹೊರಟರು. ಗೋಡೆಯ ಆಚೆ ಹೊರಸುಗಳನ್ನು ಎಳೆಯುವ ಸದ್ದು ಕೇಳಿಸಿತು. ಕಡೆಗೆ ಅಕ್ಕೋರೂ ಸೆರಗು ಕೊಡವಿಕೊಂಡು ಎದ್ದರು, ನಾನೂ ಎದ್ದೆ, ಎಲ್ಲರೂ ಸಂತೆಯ ದಾರಿ ಹಿಡಿದು ಮನೆಗೆ ನಡೆದೆವು. ಹಿರಿಯರು ಅಳೆದಳೆದು ಹತ್ತಿರ ಮಾಡಿಟ್ಟ ದಾರಿ. ಮಾತು ಮುಗಿಯುವುದರೊಳಗೆ ಮನೆ ಬಂತು.